ಏಳು ಅಕ್ಷರದ ಪರೀಕ್ಷೆ

ಬಿಳಿ ಹಲಗೆಯ ಮೇಲೆ ಇಂಗ್ಲಿಷಿನ ಏಳು ಅಕ್ಷರ ಬರೆದಿದ್ದರು. ಎ, ಇ, ಎಲ್, ಎನ್, ಆರ್, ಎಸ್, ಟಿ. ಇವಿಷ್ಟನ್ನೇ ಬಳಸಿ ಹತ್ತು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಶಬ್ದ ಬರೆಯಬೇಕು. ಆಯ್ಕೆಯಾದವರಿಗೆ ಹೊರದೇಶದಲ್ಲಿ ಕಂಪ್ಯೂಟರಿನ ಮೇಲೆ ಟೈಪ್ ಮಾಡುವ ಕೆಲಸ. ಊಟ, ವಸತಿ, ವಿಮಾನದ ಟಿಕೆಟ್ ಎಲ್ಲ ಕರೆದುಕೊಂಡು ಹೋಗುವವರದೇ. ನಮ್ಮ ಹತ್ತಿರ ಪಾಸ್‌ಪೋರ್ಟ್ ಇದ್ದರೆ ಸಾಕು.

ಇಳಕಲ್ಲಿನ ಬಸ್ ನಿಲ್ದಾಣದ ಹಿಂದೆ ಬಾಡಿಗೆಗೆ ಹಿಡಿದ ಒಂದು ಹಾಲಿನಲ್ಲಿ ನಲವತ್ತು ಜನ ಕುಳಿತಿದ್ದೆವು. ನಾನು ಮತ್ತು ನನ್ನ ಅಣ್ಣ ಮುತ್ತುರಾಜ ಒಂದೇ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುವವರು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟೆ, ಅವನು ಐದಕ್ಕೇ ಬಿಟ್ಟಿದ್ದ. ಆದರೆ ಅಕ್ಷರ ಕೊಟ್ಟು ಶಬ್ದ ಹುಡುಕಿಸುವ ಈ ಆಟವನ್ನು ನಾನು ಎರಡು ವರ್ಷದಿಂದ ಫೋನಿನಲ್ಲಿ ಆಡುತ್ತಿದ್ದೆ. ಸಿಕ್ಕ ಶಬ್ದದ ಅರ್ಥವನ್ನೂ ಅಲ್ಲೇ ತೆಗೆದು ನೋಡುತ್ತಿದ್ದೆ. ಶಾಲೆಯವರು ಕಲಿಸದೆ ಬಿಟ್ಟದ್ದನ್ನು ಯಾರ ಹಂಗೂ ಇಲ್ಲದೆ ಕಲಿಯುತ್ತೇನೆ ಎಂಬ ಹಟವಿತ್ತು. ಅಂದು ಇಪ್ಪತ್ತಾರು ಶಬ್ದ ಬರೆದೆ. ಅಣ್ಣ ಎರಡು ಬರೆದ: ನೆಟ್, ಟೆನ್.

ಬಿಳಿ ಶರ್ಟಿನ ಒಬ್ಬಾತ ಒಂಬತ್ತು ಹೆಸರು ಓದಿದ. ಅಣ್ಣನ ಹೆಸರಿತ್ತು. ನನ್ನದಿರಲಿಲ್ಲ.

ಮನೆಗೆ ಬಂದು ನಾನು ಕೂಗಾಡಿದೆ. ಹೆಸರು ಬರೆಯಲು ಬೆವರುವವನನ್ನು ತೆಗೆದುಕೊಂಡು ನನ್ನನ್ನು ಹೊರಗೆ ಹಾಕಿದರು ಎಂದೆ. ಊಟದ ತಾಟನ್ನು ಗೋಡೆಗೆ ಒಗೆದೆ. ಆಡಬಾರದ್ದನ್ನೆಲ್ಲ ಆಡಿದೆ. ಅದಕ್ಕೆ ಬೆಲೆ ತೆತ್ತದ್ದು ಆಮೇಲೆ.

ಮರುದಿನ ಹುನಗುಂದದ ಅನೀಸ ಸಿಕ್ಕ. ಬಿ.ಕಾಂ. ಮುಗಿಸಿದವನು, ಪರೀಕ್ಷೆಯಲ್ಲಿ ನನ್ನ ಪಕ್ಕ ಕುಳಿತಿದ್ದ. ಅವನನ್ನೂ ತೆಗೆದುಕೊಂಡಿರಲಿಲ್ಲ.

"ಹಾಳಿ ಎಲ್ಲಾ ಕೂಡಿಸಿ ಕೊಟ್ಟಾಂವ ನಾನ," ಎಂದ. "ತಗೊಂಡ ಒಂಬತ್ತು ಮಂದ್ಯಾಗ ಮೂರು ಶಬ್ದ ದಾಟಿದಾಂವ ಒಬ್ಬಾನೂ ಇಲ್ಲ."

"ಅಂದ್ರ?"

"ಅವ್ರ ಟೇಬಲ್ ಮ್ಯಾಲೆ ಇಂಗ್ಲಿಷ್ ಕರಾರು ಇತ್ತು. ಹತ್ತು ಹಾಳಿ. ಮೊದಲ್ನೇದು ಓದೇನಿ. ಪಾಸ್‌ಪೋರ್ಟ್ ಅವ್ರ ಕಡೆನ ಇರ್ತೈತಂತ. ಎರಡು ವರ್ಷ ಗೇಟ್ ದಾಟಂಗಿಲ್ಲಂತ. ಓದಾಕ ಬರೋ ಮಂದಿ ಅವ್ರಿಗೆ ಬ್ಯಾಡ, ಯಮನೂರಪ್ಪ."

ಓಡಿ ಬಂದು ಅಣ್ಣನಿಗೂ ಅವ್ವನಿಗೂ ಹೇಳಿದೆ. ಅವ್ವ ಅಂಬವ್ವ ಜೋಳ ಹಸನು ಮಾಡುತ್ತಿದ್ದಳು, ಮೊರದಿಂದ ಕಣ್ಣೆತ್ತಲಿಲ್ಲ.

"ನಿನ್ನಿ ನಿನ್ನ ತಗೊಳ್ಳಿಲ್ಲಂತ ತಾಟು ಒಗದಿ. ಇವತ್ತ ಅವ್ರು ಕಳ್ಳರಾದ್ರು?"

"ಅನೀಸ ಓದ್ಯಾನಬೇ."

"ಅವಂದೂ ಹೆಸರು ಬಂದಿಲ್ಲಲ್ಲ," ಎಂದ ಅಣ್ಣ, ನಗುತ್ತ. "ಇಬ್ರೂ ಕೂಡಿ ಅಳ್ರಿ. ನಿನಗ ಸಾಲಿ ಮಾಸ್ತರ ಮ್ಯಾಲೆ ಸಿಟ್ಟು, ಮಾಲಕನ ಮ್ಯಾಲೆ ಸಿಟ್ಟು, ಈಗ ನನ್ನ ಮ್ಯಾಲೆ. ನಾ ಹೋಗಾಂವನ."

ಪೊಲೀಸರ ಹತ್ತಿರ ಹೋದರೂ ಏನು ಹೇಳಲಿ? ಮೂವತ್ತು ವರ್ಷದ ಗಂಡಸು ತಾನೇ ಒಪ್ಪಿ ಹೊರಟಿದ್ದಾನೆ.

ಆಯ್ಕೆಯಾದ ಒಂಬತ್ತು ಜನಕ್ಕೆ ಎರಡನೆಯ ಪರೀಕ್ಷೆ ಮುಂದಿನ ಸೋಮವಾರ ಬಾಗಲಕೋಟೆಯ ಒಂದು ಲಾಡ್ಜಿನಲ್ಲಿತ್ತು. ಆಗ ನನಗೊಂದು ದಾರಿ ಹೊಳೆಯಿತು. ಓದಲು ಬಾರದವರೇ ಅವರಿಗೆ ಬೇಕಾಗಿದ್ದರೆ ಅಣ್ಣ ಬಲ್ಲವನಂತೆ ಕಾಣಬೇಕು. ಅವನ ಹಾಳೆಯ ತುಂಬ ಶಬ್ದ ಕಂಡರೆ ಅವರೇ ಹೊರಗೆ ಹಾಕುತ್ತಾರೆ.

"ಈ ಸಲ ಹತ್ತು ಶಬ್ದ ಬರೀದಿದ್ರ ಹೊರಗ ಹಾಕ್ತಾರಂತ," ಎಂದು ಸುಳ್ಳು ಹೇಳಿದೆ. "ನಾ ಕಿಟಕ್ಯಾಗಿಂದ ತೋರಿಸ್ತೇನಿ."

ಅಣ್ಣ ನನ್ನ ಹೆಗಲ ಮೇಲೆ ಕೈ ಹಾಕಿದ. "ಈಗ ತಮ್ಮ ಅನ್ನಿಸ್ಕೊಂಡಿ ನೋಡಲೇ."

ತೋರಿಸುವುದು ನಮಗೆ ಕಷ್ಟವಲ್ಲ. ಶೆಡ್ಡಿನಲ್ಲಿ ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿಯಲ್ಲಿ ಕೂಗಿದರೂ ಕೇಳಿಸದು. ಅಲ್ಲಿ ಮಾತೆಲ್ಲ ಬೆರಳಿನಲ್ಲೇ. ಎಷ್ಟನೆಯ ಮಗ್ಗ ನಿಂತಿದೆ, ಯಾವ ಕಡೆಯ ಎಳೆ ಹರಿದಿದೆ, ಯಾವ ಬಣ್ಣದ ನೂಲು ಬೇಕು, ಬೆರಳು ಹೇಳಿದ್ದನ್ನು ನೋಡಿದವನು ಅದೇ ಗಳಿಗೆಗೆ ಮಾಡುತ್ತಾನೆ. ಯಾಕೆ ಎಂದು ಕೇಳುವುದಕ್ಕೆ ನಮ್ಮಲ್ಲಿ ಬೆರಳಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಲಾಡ್ಜಿನ ಹಿಂದಿನ ಅಂಗಳದಲ್ಲಿ ಕಿಟಕಿಗೆ ಎದುರಾಗಿ ನಿಂತೆ. ಒಳಗಿನ ಹಲಗೆ ಕಾಣುತ್ತಿತ್ತು: ಡಿ, ಇ, ಓ, ಪಿ, ಆರ್, ಎಸ್, ಟಿ. ಎಡಗಡೆಯಿಂದ ಎಣಿಸಿ ಎಷ್ಟನೆಯ ಅಕ್ಷರವೋ ಅಷ್ಟು ಬೆರಳು. ನಾಲ್ಕು, ಮೂರು, ಆರು, ಏಳು. ಪೋಸ್ಟ್. ಆಮೇಲೆ ರೋಪ್, ಸ್ಟೋರ್, ಸ್ಪೋರ್ಟ್. ಅಣ್ಣ ತಲೆ ತಗ್ಗಿಸುತ್ತ, ಎತ್ತುತ್ತ, ಒಂದೂ ತಪ್ಪದೆ ಬರೆದ. ಹದಿನಾಲ್ಕು ಶಬ್ದವಾದವು. ನನ್ನ ಎದೆ ಹಗುರಾಯಿತು.

ಬಿಳಿ ಶರ್ಟಿನವನು ಹಾಳೆಗಳನ್ನು ತಿರುವುತ್ತ ಅಣ್ಣನದರ ಮೇಲೆ ನಿಂತ. ಕಿಟಕಿ ತೆರೆದಿತ್ತು, ಎಲ್ಲ ಕೇಳುತ್ತಿತ್ತು.

"ಇದರ ಅರ್ಥ ಏನು?"

"ಗೊತ್ತಿಲ್ರಿ."

"ಇದು?"

"ಗೊತ್ತಿಲ್ರಿ."

"ಮತ್ತೆ ಹೇಗೆ ಬರೆದೆ?"

ಅಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. "ನಮ್ಮ ತಮ್ಮ ಹೊರಗ ಬೆರಳು ತೋರಿಸ್ಯಾನ್ರಿ. ನಾ ಬರಕೋಂತ ಹೋದ್ನಿ."

ಆತ ಕಿಟಕಿಯ ಹತ್ತಿರ ಬಂದ. ಸಿಟ್ಟಾಗಲಿಲ್ಲ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ನನ್ನನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದ. ಆಮೇಲೆ ತನ್ನ ಜೊತೆಗಾರನಿಗೆ ಹೇಳಿದ:

"ಹದಿನಾಲ್ಕರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ಒಂದರ ಅರ್ಥವೂ ಗೊತ್ತಿಲ್ಲ. ಏನು ಅಂತ ಕೇಳದೆ ಹೇಳಿದ್ದನ್ನು ಟೈಪ್ ಹೊಡೀತಾನೆ. ಇಂಥವನೇ ಬೇಕು. ಮುಂದಿನ ವಾರ ಬೇಡ, ಇವತ್ತಿನ ಗಾಡಿಗೇ ಹಾಕು."

ನಾನು ಮುಂಬಾಗಿಲಿಗೆ ಓಡಿದೆ. ಇಬ್ಬರು ಅಡ್ಡ ನಿಂತರು. ಅವರ ಹೆಗಲ ಸಂದಿಯಿಂದ ಒಳಗೆ ಕಂಡಿತು: ಅಣ್ಣ ನಾಲಿಗೆ ಕಚ್ಚಿಕೊಂಡು ಕರಾರಿನ ಹತ್ತೂ ಹಾಳೆಯ ಮೇಲೆ ಒಂದೊಂದಾಗಿ ಸಹಿ ಹಾಕುತ್ತಿದ್ದ.

"ಅಣ್ಣಾ, ಸಹಿ ಮಾಡಬ್ಯಾಡ. ನಾ ಸುಳ್ಳು ಹೇಳೇನಿ. ಅವ್ರು ನಿನ್ನ ಬಿಡ್ಲಿ ಅಂತನ ತೋರಿಸಿದ್ನಿ."

ಅವನ ಮುಖ ಕೆಂಪಾಯಿತು. ಉಳಿದವರೆಲ್ಲ ನೋಡುತ್ತಿದ್ದರು.

"ಮನಿಗೆ ಹೋಗಲೇ," ಎಂದ, ಮೆಲ್ಲಗೆ. "ಇಷ್ಟು ಮಂದ್ಯಾಗ ನನ್ನ ಮರ್ಯಾದಿ ತಗೀಬ್ಯಾಡ."

ಪಾಸ್‌ಪೋರ್ಟನ್ನೂ ಫೋನನ್ನೂ ಅವರ ಕೈಗೆ ಕೊಟ್ಟು ಅವರ ಹಿಂದೆ ಒಳಗೆ ನಡೆದ. ಹಿಂಬಾಗಿಲಿಗೆ ಹಚ್ಚಿ ನಿಲ್ಲಿಸಿದ್ದ ಬಿಳಿ ವ್ಯಾನಿನ ಬಾಗಿಲು ಸರಿದು ಮುಚ್ಚಿದ ಸಪ್ಪಳ ಕೇಳಿ ಸುತ್ತು ಹಾಕಿ ಓಡಿದೆ. ವ್ಯಾನು ಆಗಲೇ ತಿರುವಿನಲ್ಲಿತ್ತು. ಅಣ್ಣನ ನಂಬರಿಗೆ ಫೋನ್ ಹಚ್ಚಿದೆ. ಅದು ನನ್ನ ಹಿಂದೆಯೇ, ಮೆಟ್ಟಿಲ ಮೇಲೆ ನಿಂತಿದ್ದ ಬಿಳಿ ಶರ್ಟಿನವನ ಕಿಸೆಯಲ್ಲಿ ರಿಂಗಾಯಿತು. ಆತ ತೆಗೆದ. ನನ್ನ ಹೆಸರು ನೋಡಿದ, ನನ್ನನ್ನು ನೋಡಿದ. ಬಂದ್ ಮಾಡಿ ಮತ್ತೆ ಕಿಸೆಗೆ ಹಾಕಿಕೊಂಡ.