ಅರಿಶಿನ ಹಚ್ಚಿದ ನಿಕ್ಕರ್

ನನ್ನ ಬಾಯಿ ದೊಡ್ಡದು, ನಿಜ. ಆದ್ರೆ ಅವತ್ತು ಮುಚ್ಕೊಂಡಿರಬೇಕಾದಾಗ ತೆಗ್ದೆ ನೋಡಿ, ಅದಕ್ಕೇ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಎಪ್ಪತ್ತೈದನೇ ಇಸವಿ. ರಾಜಾಜಿನಗರದ ನಮ್ಮ ಕಾಲೇಜಿಂದ ನಾಲ್ಕು ಜನ ಹುಡುಗೀರ ಓಟದ ತಂಡ. ನಾಲ್ಕೂ ಜನ ಒಟ್ಟಿಗೆ ಓಡಬೇಕು, ಕೊನೇಗೆ ಮುಟ್ಟಿದವಳ ಟೈಮೇ ಎಲ್ಲರ ಟೈಮು. ಒಬ್ಬಳು ಇಲ್ಲಾಂದ್ರೆ ತಂಡವೇ ಇಲ್ಲ. ನಮ್ಮಲ್ಲಿ ಅಲಮೇಲುಗೆ ಓಟ ಅಂದ್ರೆ ಪ್ರಾಣ. ಬಸ್ಸಿಗೆ ಓಡಿದ್ರೂ ನಗ್ತಾ ಓಡೋಳು.

"ಲಂಗ ದಾವಣೀಲಿ ಬಂದ್ರೆ ಗೆರೆ ಹತ್ರಾನೂ ನಿಲ್ಲಿಸಲ್ಲ. ಎಲ್ಲರಿಗೂ ಒಂದೇ ಥರ ನಿಕ್ಕರ್, ಬಿಳಿ ಶೂ," ಅಂದ್ಬಿಟ್ರು ಆಟದ ಮಿಸ್ಸು ಇಂದ್ರಮ್ಮ.

ಶೂ ಸಲೀಸಾಯ್ತು. ಅಂಗಡೀಲಿ ಅರ್ಧ ದಿನ ಕೂತು ಹಾಕಿ, ಕುಣಿದು, ನಾಲ್ಕು ಜೊತೆ ಕ್ಯಾನ್ವಾಸ್ ಆರಿಸಿದ್ವಿ. ನಿಕ್ಕರ್ ಕಾಮಾಕ್ಷಿಪಾಳ್ಯದ ಟೈಲರ್ ಹತ್ರ ಹೊಲಿಸಿದ್ವಿ, ನೀಲಿ, ಮೊಣಕಾಲಿಂದ ಒಂದು ಗೇಣು ಮೇಲೆ. ಅಲಮೇಲು ಅದನ್ನ ಕೈಲಿ ಹಿಡ್ಕೊಂಡು ಬೆವೆತುಹೋದ್ಳು. ಅವರಪ್ಪ ಸೇತುರಾಮ ಅಯ್ಯಂಗಾರ್ರು ಮಹಾ ಮಡಿವಂತರು.

"ಕೇಳೇ ಒಂದ್ಸಲ," ಅಂದೆ.

"ಅಯ್ಯೋ, ಕೇಳಿದ್ರೆ ಕಾಲೇಜೇ ಬಿಡಿಸ್ತಾರೆ ಕಣೇ. ಲಂಗದ ಒಳಗೆ ಹಾಕ್ಕೊಂಡು ಬಂದ್ಬಿಡ್ತೀನಿ."

ಓಟದ ದಿನ ಎಂಟು ಗಂಟೆಗೆ ಸೀಟಿ. ಇವಳ ಸುಳಿವೇ ಇಲ್ಲ. ನಮ್ಮ ಮೂರೂ ಜನರನ್ನ ಪಕ್ಕಕ್ಕೆ ನಿಲ್ಲಿಸಿದ್ರು. ನನಗೆ ಪಿತ್ತ ನೆತ್ತಿಗೇರ್ತು. ಪುಕ್ಕಲಿ, ಕೈ ಕೊಟ್ಟಳಲ್ಲ ಅಂತ ಬೈಕೊಂಡೇ ಅವರ ಮನೆಗೆ ನುಗ್ಗಿದೆ.

ಬಾಗಿಲು ತೆಗೆದವರು ಅವರಪ್ಪ. ಏಕಾದಶಿ, ಆಗಷ್ಟೇ ಪೂಜೆ ಮುಗಿಸಿದ್ರು.

"ಬಾಮ್ಮ ಜಲಜಾ. ನಿನ್ನ ಬಟ್ಟೆ ದೇವರ ಮುಂದೆ ಹಾಗೇ ಇದೆ. ಅಲಮೇಲು ಹೇಳಿದ್ಳು, ನೀನೇ ಪೂಜೆಗೆ ಇಡು ಅಂತ ಕೊಟ್ಟಿದ್ಯಂತೆ, ಬಂದು ತಗೊಂಡು ಹೋಗ್ತೀಯಂತೆ."

ಆಗ ಹೊಳೀತು. ಆ ಮನೇಲಿ ಹೊಸ ಬಟ್ಟೆ ಅಂದ್ರೆ ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದೆ ಇಟ್ಟೇ ಉಡೋದು. ಕದ್ದು ಉಡೋ ನಿಕ್ಕರಿಗೂ ಆ ಪೆದ್ದಿ ಅರಿಶಿನ ಹಚ್ಚಿದ್ದಾಳೆ! ಅಪ್ಪ ಏಳೋದ್ರೊಳಗೆ ಎತ್ಕೊಳ್ಳೋಣ ಅಂತ ಇಟ್ಟಿದ್ದು. ಏಕಾದಶಿ ಅಂತ ಅವರು ಅವತ್ತು ಬೇಗ ಎದ್ದು ಸ್ನಾನ ಮಾಡಿ ಅಲ್ಲೇ ಕೂತ್ಬಿಟ್ಟಿದ್ದಾರೆ. ಅಡುಗೆಮನೆ ಬಾಗಿಲಲ್ಲಿ ಅಲಮೇಲು ನಿಂತಿದ್ಳು, ಕಣ್ಣಲ್ಲೇ ಕೈ ಮುಗೀತಿದ್ಳು.

"ಹೌದು ಮಾಮಾ, ನಂದೇ," ಅಂದೆ.

ಅವರು ನಿಕ್ಕರ್ ತಂದು ನನ್ನ ಕೈಗಿಟ್ರು. "ಮೊದಲು ಇವಳದೇ ಅಂದ್ಕೊಂಡು ಸಿಟ್ಟು ಬಂತಮ್ಮ. ಆಮೇಲೆ ಅರಿಶಿನ ನೋಡ್ದೆ. ಪೂಜೆ ಪೂರ್ತಿ ಅದೇ ಯೋಚನೆ. ಇವಳದೇ ಆಗಿದ್ರೆ, ಹೋಗಿ ಓಡು ಅಂತಿದ್ದೆ. ದೇವರನ್ನ ಕೇಳಿ ಉಡೋ ಮಗಳಿಗೆ ಬೇಡ ಅನ್ನಕ್ಕೆ ನಾನ್ಯಾರು?"

ಅಲಮೇಲು ಓಡಿ ಬಂದ್ಳು. "ಅಪ್ಪಾ, ಅದು ನಂದೇ ಅಪ್ಪಾ!"

ಅವರು ಅವಳನ್ನ ನೋಡಿದ್ರು, ನನ್ನ ನೋಡಿದ್ರು. ಕೂಗಾಡಿದ್ರೆ ಎಷ್ಟೋ ವಾಸಿಯಿತ್ತು.

"ದೇವರ ಮುಂದೆ ನಿಂತು ಸುಳ್ಳು ಹೇಳಿದ್ಯಲ್ಲೇ ಮಗು," ಅಂದ್ರು ಮೆತ್ತಗೆ. "ಇವಳು ಬಂದು ಸಾಕ್ಷಿ ಬೇರೆ. ನಾಳೆ ಮೈದಾನಕ್ಕೆ ಅಂತ ಎಲ್ಲಿಗೆ ಹೋಗ್ತೀಯೋ, ನಾನು ಹೇಗೆ ನಂಬ್ಲಿ?"

"ಮಾಮಾ, ತಪ್ಪು ನಂದು," ಅಂತ ಎಷ್ಟು ಸಲ ಅಂದ್ನೋ. ಅವರು ಒಳಗೆ ಹೋದ್ರು.

ಅಲಮೇಲು ಕಾಲೇಜಿಗೇನೋ ಬಂದ್ಳು. ಆಟದ ಪೀರಿಯಡ್ ಬಂದ್ರೆ ಮಾತ್ರ ಲೈಬ್ರರೀಲಿ ಕೂರೋಳು. ಅವಳ ಜಾಗಕ್ಕೆ ಇಂದ್ರಮ್ಮ ಮಿಸ್ಸು ಬೇರೆ ಹುಡುಗೀನ ಹಾಕಿದ್ರು.