ಅಪ್ಪ ಒರೆಸದ ಗೆರೆ

"ನಿನ್ನ ಮದುವೆ ದಿನ ನಿನ್ನನ್ನ ಚರ್ಚಿಗೆ ಕರ್ಕೊಂಡು ಹೋಗೋ ಗಾಡಿಗೆ ಕೆಂಪು ಗೆರೆ ನಾನೇ ಎಳೀತೀನಿ ಮಗಳೇ," ಎಂದು ಅಪ್ಪ ಮಾತು ಕೊಟ್ಟಾಗ ನನಗೆ ಏಳು ವರ್ಷ. ಅಮ್ಮ ತೀರಿಕೊಂಡ ಚಳಿಗಾಲ ಅದು.

ಆಗಿನ್ನೂ ಡೆಟ್ರಾಯಿಟಿನಲ್ಲಿ ಕುದುರೆಗಾಡಿಗಳ ಕಾಲ. ಅಪ್ಪ, ಕಮೀಲ್, ಗಾಡಿಗಳ ಮೈಗೆ ಅಲಂಕಾರದ ಗೆರೆ ಎಳೆಯುವವ, ಬೆಲ್ಜಿಯಂ ಬಿಟ್ಟು ಬರುವಾಗ ತಂದದ್ದು ಆ ಕೆಲಸವೊಂದನ್ನೇ. ಅಳಿಲಿನ ಕೂದಲಿನ ಉದ್ದ ಕುಂಚವನ್ನು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಗಾಡಿಯ ಮುಂದಿನಿಂದ ಹಿಂದಿನವರೆಗೆ ಒಂದೇ ಸಲಕ್ಕೆ ಎಳೆದುಬಿಡುತ್ತಿದ್ದ. ಅಳತೆಗೋಲು ಮುಟ್ಟುತ್ತಿರಲಿಲ್ಲ. ಗೆರೆ ಎಳ್ಳಷ್ಟು ನಡುಗಿದರೂ ಟರ್ಪಂಟೈನ್ ಎಣ್ಣೆಯ ಬಟ್ಟೆಯಲ್ಲಿ ಒರೆಸಿ ಮೊದಲಿನಿಂದ ಎಳೆಯಬೇಕು, ತಿದ್ದುವಂತಿಲ್ಲ. "ತೇಪೆ ಹಾಕೋದು ಚಡ್ಡಿಗೆ, ಗೆರೆಗಲ್ಲ ಕಣೆ," ಎನ್ನುತ್ತಿದ್ದ.

ಆಮೇಲೆ ಹೈಲ್ಯಾಂಡ್ ಪಾರ್ಕಿನ ಮೋಟಾರು ಕಾರ್ಖಾನೆ ಬಂತು. ಮೊದಮೊದಲು ಕಾರುಗಳು ಹಸಿರು, ಕೆಂಪು, ಬೂದು ಬಣ್ಣದಲ್ಲಿದ್ದವು. ಅವುಗಳ ಮೈಗೂ ಗೆರೆ ಬೇಕಿತ್ತು. ಅಪ್ಪ ಮತ್ತು ಅವನ ಹಳೆಯ ಜೊತೆಗಾರ ದೆಸಿರೆ ಇಬ್ಬರೂ ಅಲ್ಲಿಗೆ ಸೇರಿದರು. ಆದರೆ ಕಾರುಗಳು ನೂರಿದ್ದದ್ದು ಸಾವಿರಗಳಾದವು. ಬಣ್ಣ ಒಣಗುವವರೆಗೆ ಕಾಯಲು ಯಾರಿಗೂ ಪುರುಸೊತ್ತಿರಲಿಲ್ಲ. ಬೇಗ ಒಣಗುವ ಕಪ್ಪು ಬಣ್ಣವೊಂದೇ ಉಳಿಯಿತು. ಒಂದು ಸೋಮವಾರ, ಇನ್ನು ಗೆರೆ ಬೇಡ ಎಂದರು.

ಯಾರನ್ನೂ ಹೊರಗೆ ಹಾಕಲಿಲ್ಲ. ಅಪ್ಪನ ಕೈಗೆ ಸ್ಪ್ಯಾನರ್ ಕೊಟ್ಟರು. ಕಾರು ಸಾಲಾಗಿ ಮುಂದೆ ಬರುತ್ತದೆ, ಒಂದು ನಟ್ಟಿಗೆ ಮೂರು ತಿರುವು, ಅಷ್ಟರಲ್ಲಿ ಮುಂದಿನ ಕಾರು. ದೆಸಿರೆ ಒಪ್ಪದೆ ಅಂಗಡಿಗಳಿಗೆ ಬೋರ್ಡು ಬರೆಯಲು ಹೋದ. ಹೋಗುವಾಗ, "ನೀನು ಕೈಯನ್ನೇ ಮಾರ್ಕೊಂಡೆ ಕಣೋ," ಎಂದ. ಅಪ್ಪ ಸ್ಪ್ಯಾನರ್ ಎತ್ತಿಕೊಂಡ. ಮನೆಯಲ್ಲಿ ಸಾಕಬೇಕಾದ ನಾನಿದ್ದೆ.

ಎರಡು ವರ್ಷ ಕಳೆದು ನನ್ನ ಮದುವೆ ಗೊತ್ತಾಯಿತು. ಹುಡುಗ ಆರ್ತರ್ ತಂದು ನಿಲ್ಲಿಸಿದ್ದು ಅದೇ ಕಾರ್ಖಾನೆಯ ಕಪ್ಪು ಕಾರು. ಮದುವೆಯ ಹಿಂದಿನ ದಿನ ಅಪ್ಪ ಕೆಲಸಕ್ಕೆ ಹೋಗದೆ ಕುಂಚ ತೆಗೆದ.

ಮೊದಲನೆಯ ಗೆರೆ ಒಂದು ಮೊಳ ನೆಟ್ಟಗೆ ಹೋಗಿ ಚಕ್ಕನೆ ಕುಣಿಯಿತು. ಇನ್ನೊಂದು ಮೊಳಕ್ಕೆ ಮತ್ತೆ, ಮತ್ತೊಂದು ಮೊಳಕ್ಕೆ ಮೂರನೆಯ ಸಲ ಕುಣಿಯಿತು. ಅಪ್ಪ ಒರೆಸಿದ. ಎರಡನೆಯದೂ ಹಾಗೇ ಆಯಿತು, ಮೂರನೆಯದೂ. ಅವನ ಮಣಿಕಟ್ಟು ತಾನಾಗಿಯೇ ನಟ್ಟು ತಿರುಗಿಸುತ್ತಿತ್ತು.

"ಬಿಡಿ ಮಾವ," ಎಂದ ಆರ್ತರ್. "ಈ ರಸ್ತೆ ಕೆಸರಲ್ಲಿ ಗೆರೆ ಯಾರಿಗೆ ಕಾಣತ್ತೆ?"

"ಕೆಸರು ತೊಳೆದ್ಮೇಲೆ ಕಾಣತ್ತಲ್ಲಪ್ಪ."

ನಾನು ತಡೆಯಲಾರದೆ ಹೇಳಿಬಿಟ್ಟೆ: "ಅಪ್ಪಾ, ದೆಸಿರೆ ಮಾಮನ್ನ ಕರೀಲಾ? ಅವರ ಕೈ ಇನ್ನೂ..."

ಅಪ್ಪ ನನ್ನತ್ತ ತಿರುಗಿದ. "ನಿಂಗೆ ಮಾತು ಕೊಟ್ಟಿದ್ದು ದೆಸಿರೆನಾ?"

ನಾಲ್ಕನೆಯ ಸಲ ಎಳೆದ. ಅದೇ ಮೂರು ಕುಣಿತ. ಒರೆಸುವ ಬಟ್ಟೆ ಕೈಗೆತ್ತಿಕೊಂಡ. ಮೂವತ್ತು ವರ್ಷದಲ್ಲಿ ನಡುಗಿದ ಗೆರೆಯೊಂದೂ ಅವನ ಕೈ ದಾಟಿ ಹೋಗಿರಲಿಲ್ಲ. ಈ ಸಲ ಒರೆಸದೆ ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

"ನಾಳೆ ದೆಸಿರೆ ಬರ್ತಾನೆ," ಎಂದ. "ನೋಡೇ ನೋಡ್ತಾನೆ."

"ನೋಡ್ಲಿ ಬಿಡಪ್ಪ."

ಮರುದಿನ ಚರ್ಚಿನ ಮುಂದೆ ನಾನು ಕಾರಿನಿಂದ ಇಳಿಯುವಾಗ ದೆಸಿರೆ ನನ್ನನ್ನು ನೋಡಲಿಲ್ಲ. ಬಗ್ಗಿ ಗೆರೆಯನ್ನು ನೋಡಿದ. ಅಪ್ಪ ನನ್ನ ಪಕ್ಕದಲ್ಲಿ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ.

"ಏನೋ ಇದು, ಕುಡಿದು ಎಳೆದ್ಯಾ?" ಎಂದವನು ಮತ್ತೆ ಬಗ್ಗಿದ. ಬೆರಳಿನಿಂದ ಒಂದು ಕುಣಿತದಿಂದ ಇನ್ನೊಂದಕ್ಕೆ ಅಳೆಯುತ್ತ ಹೋದ. ಮೂರೂ ಸಮ ದೂರ. ಅವನ ದನಿ ಇಳಿಯಿತು. "ಒಂದು ನಟ್ಟಿಗೆ ಎಷ್ಟು ತಿರುವು ಕಮೀಲ್?"

"ಮೂರು."

ದೆಸಿರೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾವು ಒಳಗೆ ಹೋಗುವವರೆಗೂ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ನನ್ನನ್ನು ಚರ್ಚಿಗೆ ಕರೆತಂದ ಕಾರಿನ ಮೇಲಿನ ಕೆಂಪು ಗೆರೆ ಅಪ್ಪನೇ ಎಳೆದದ್ದು. ಕೊಟ್ಟ ಮಾತನ್ನು ಅವನು ಉಳಿಸಿಕೊಂಡ.