ಎರಡು ಸರಪಣಿ

“ಇನ್ನೊಂದು ಸುತ್ತು ಹಾಕಪ್ಪ, ಹೆಗಲು ಬದಲಾಯಿಸುವಾಗ ಜಾರೀತು,” ಎಂದ ಹಿರಿಯ ಚಾಲಕ ಝಾಡೂರಾಮ್.

ಖೇಲಾವನ್ ಚಟ್ಟದ ಅಡಿಯಿಂದ ಹಗ್ಗ ಎಳೆದು ಹೆಣದ ಎದೆಯ ಮೇಲೆ ಮತ್ತೊಂದು ಸುತ್ತು ತಂದ. ಇಪ್ಪತ್ತೆರಡು ವರ್ಷ ಲಾರಿಯ ಮೇಲೆ ಉಕ್ಕಿನ ಸುರುಳಿ ಕಟ್ಟಿದ ಕೈ ಅದು. ಇವತ್ತು ಒಂದು ಗಂಟು ಹಾಕಲು ಮೂರು ಸಲ ತಪ್ಪಿತು. ಪಾಪ, ಮಿತಾನ ಹೋದ ಸಂಕಟ ಎಂದುಕೊಂಡರು ನೋಡಿದವರು. ಬಿಸಾಹುವೂ ಖೇಲಾವನ್ನೂ ದೇವರ ಮುಂದೆ ತೆಂಗಿನಕಾಯಿ ಬದಲಾಯಿಸಿಕೊಂಡು ಮಿತಾನರಾದವರೆಂದು ರಾಯ್ಪುರದ ಆ ಓಣಿಗೆಲ್ಲ ಗೊತ್ತಿತ್ತು. ಒಡಹುಟ್ಟಿದವರ ಹಾಗೆ ಅದು. ಒಬ್ಬನ ಮಕ್ಕಳು ಇನ್ನೊಬ್ಬನಿಗೂ ಮಕ್ಕಳೇ.

ಬಿಸಾಹುವಿನ ಮುಖ ಮುಚ್ಚಿತ್ತು. ಕೇಶ್‌ಕಾಲ್ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂತೆಂದು ಅವನು ಬ್ರೇಕ್ ಒತ್ತಿದ್ದ. ಲಾರಿ ನಿಂತಿತು, ಬೆನ್ನ ಮೇಲಿದ್ದ ಹದಿನೆಂಟು ಟನ್ ಸುರುಳಿ ನಿಲ್ಲಲಿಲ್ಲ, ಕ್ಯಾಬಿನ್ನಿಗೇ ನುಗ್ಗಿತು. ಮುಖ ತೋರಿಸುವಂತಿರಲಿಲ್ಲ.

ಬೇವಿನ ಮರದಡಿ ಚಾಲಕರು ಬೀಡಿ ಹಚ್ಚಿಕೊಂಡು ಕೂತಿದ್ದರು.

“ಸುರುಳಿಗೆ ನಾಲ್ಕು ಇರಬೇಕಾದಲ್ಲಿ ಎರಡೇ ಸರಪಣಿ ಅಂತೆ. ಪೊಲೀಸರು ಎಣಿಸಿ ಬರಕೊಂಡ್ರು.”

“ನಮ್ಮ ಲಾರಿ ಎಲ್ಲ ನಿಲ್ಲಿಸಿ ಸರಪಣಿ ಜಗ್ಗಿ ನೋಡ್ತಿದ್ನಲ್ಲೋ, ದೊಡ್ಡ ಪಂಡಿತ! ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ ಅಂದ ಹಾಗಾಯ್ತು.”

“ಸತ್ತೋರ ಬಗ್ಗೆ ಯಾಕೋ ಮಾತು?”

“ನಾನೇನು ಸುಳ್ಳು ಹೇಳಿದ್ನಾ?”

ಬಿಸಾಹುವಿನ ಮಗ ಟಿಕೇಶ್ವರನಿಗೆ ಇದೆಲ್ಲ ಕೇಳಿಸಿತು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಅವನು, ಮೂವತ್ತರ ಹತ್ತಿರದವನು. ಚಟ್ಟದ ಪಕ್ಕ ಕುಕ್ಕರಿಸಿ ಪಿಸುಗುಟ್ಟಿದ: “ಫೂಲ್‌ದದಾ, ಅಪ್ಪನ ಜೊತೆ ಹೊರಟವರು ನೀವು. ನಿಜವಾಗ್ಲೂ ಎರಡೇ ಕಟ್ಟಿದ್ನಾ?”

ಅಪ್ಪನ ಮಿತಾನನನ್ನು ಅಲ್ಲಿ ಕರೆಯುವುದೇ ಹಾಗೆ, ಹೂವಿನಂಥ ಅಪ್ಪ ಎಂದು.

“ನಾನು ಮುಂದಿದ್ದೆ ಮಗಾ. ನೋಡ್ಲಿಲ್ಲ.”

“ಸೈಕಲ್ಲಿಗೆ ಸ್ಟೂಲು ಕಟ್ಟಿದ್ರೂ ಎರಡು ಸಲ ಜಗ್ಗಿ ನೋಡು ಅಂತಿದ್ದ. ಈಗ ಜನರ ಮುಂದೆ ತಲೆ ಎತ್ತೋಕೆ ಆಗ್ತಿಲ್ಲ ನನಗೆ.”

ಖೇಲಾವನ್ ಹಗ್ಗದ ತುದಿಯನ್ನು ಬಿದಿರಿಗೆ ಸಿಕ್ಕಿಸಿದ. ನಾಚಿಕೆಯಿಂದ ಅವನ ಕಿವಿ ಉರಿಯುತ್ತಿತ್ತು.

*

ಮೂರು ದಿನದ ಹಿಂದೆ, ಜಗದಲ್‌ಪುರದ ಆಚೆ, ಉಕ್ಕಿನ ಕಾರ್ಖಾನೆಯ ಲೋಡು ತುಂಬುವ ಗೇಟು. ನಾಲ್ಕು ಸರಪಣಿ ಕಾಣದೆ ಕಾವಲುಗಾರ ಲಾರಿ ಬಿಡುತ್ತಿರಲಿಲ್ಲ. ಚಾಲಕರೇನು ಕಮ್ಮಿಯೇ? ಮುಂದಿನವನು ಗೇಟು ದಾಟಿ, ಚಹಾದಂಗಡಿಯ ಹತ್ತಿರ ನಿಂತು, ತನ್ನ ಸರಪಣಿ ಬಿಚ್ಚಿ ಹಿಂದಿನವನಿಗೆ ಕಳಿಸುವುದು. ಹಿಂದಿನವನು ದಾಟಿ ಬಂದು ಅಲ್ಲೇ ಮರಳಿಸುವುದು. ಬಿಸಾಹುವಿಗೆ ಈ ಆಟ ಕಂಡರಾಗುತ್ತಿರಲಿಲ್ಲ. ಆದರೆ ಅವತ್ತು, ಅವನು ಗೇಟು ದಾಟಿದ ಮೇಲೆ, ಕೇಳಿದವನು ಮಿತಾನ.

“ನಿನ್ನವೆಲ್ಲೋ?”

“ಒಂದು ಕಡಿದುಹೋಯ್ತು. ಇನ್ನೊಂದರಲ್ಲಿ ಮನೇಲಿ ಎಮ್ಮೆ ಕಟ್ಟಿದೀನಿ.”

“ಎಮ್ಮೆ ಓಡಿದ್ರೆ ಹಿಡಕೊಂಡು ಬರಬಹುದು ಮಹಾರಾಯ. ಇದು ಓಡಿದ್ರೆ?” ಬಿಸಾಹು ಬೈಯುತ್ತಲೇ ಎರಡು ಬಿಚ್ಚಿಕೊಟ್ಟ. “ಅಂಗಡಿ ಹತ್ರ ಕಾಯ್ತಿರ್ತೀನಿ. ಬಂದವನೇ ಕೊಡು.”

ಖೇಲಾವನ್ ಗೇಟು ದಾಟಿದ, ನಿಲ್ಲಲಿಲ್ಲ. ಮೊದಲು ಮುಟ್ಟಿದವನ ಲೋಡು ಮೊದಲು ಇಳಿಯುತ್ತದೆ, ತಡವಾದರೆ ರಾಯ್ಪುರದಲ್ಲಿ ಎರಡು ದಿನ ಸಾಲು. “ಘಾಟಿ ಮೇಲೆ ಮಾತೆ ಗುಡಿ ಹತ್ರ ಕೊಡ್ತೀನಿ!” ಎಂದು ಕೂಗಿ ಕೈಬೀಸಿದ. ಚಹಾದ ಲೋಟ ಹಿಡಿದೇ ಬಿಸಾಹು ರಸ್ತೆಗೆ ಓಡಿಬಂದದ್ದು ಕನ್ನಡಿಯಲ್ಲಿ ಕಂಡಿತು.

ಗುಡಿಯ ಮುಂದೆ ಬಸ್ಸು ಲಾರಿ ಕಿಕ್ಕಿರಿದಿದ್ದವು. ಕೂತಲ್ಲಿಂದಲೇ ಮಾತೆಗೆ ಕೈಮುಗಿದು ಖೇಲಾವನ್ ಘಾಟಿ ಇಳಿದುಬಿಟ್ಟ. ಆಮೇಲೆ ಫೋನು ಮೂರು ಸಲ ಬಡಿದುಕೊಂಡಿತು. ಮಿತಾನನದು. ಬೈಸಿಕೊಳ್ಳಬೇಕಲ್ಲ ಎಂದು ಎತ್ತಲಿಲ್ಲ.

*

ಮುಕ್ತಿಧಾಮದಲ್ಲಿ ಮಗ ಬೆಂಕಿ ಇಟ್ಟ, ಒಬ್ಬೊಬ್ಬರೂ ಬಂದು ಚಿತೆಗೆ ಐದೈದು ಕಟ್ಟಿಗೆ ಹಾಕಿದರು. ಆಮೇಲೆ ವಾಡಿಕೆಯಂತೆ ತಗಡಿನ ಚಪ್ಪರದಡಿ ಶೋಕಸಭೆ. ಸಾಗಣೆ ಕಚೇರಿಯ ಗುಮಾಸ್ತ ತಿವಾರಿ ಮೊದಲು ಎದ್ದ.

“ಬಿಸಾಹು ಒಳ್ಳೆ ಮನುಷ್ಯ. ಆದರೆ ಏನು ಮಾಡೋದು, ಒಂದು ದಿನದ ಅಸಡ್ಡೆ ಅವನನ್ನ ತಿಂದುಹಾಕ್ತು. ನೀವೆಲ್ಲ ಇದರಿಂದ ಪಾಠ ಕಲೀಬೇಕು.”

ಟಿಕೇಶ್ವರ್ ನೆಲ ನೋಡುತ್ತಾ ಕೂತಿದ್ದ.

“ಖೇಲಾವನ್, ನೀನು ಮಿತಾನ. ಎರಡು ಮಾತಾಡು.”

ಖೇಲಾವನ್ ಎದ್ದ. ದೇವರು ಅವನ ಆತ್ಮಕ್ಕೆ ಶಾಂತಿ ಕೊಡಲಿ ಎಂದು ಹೇಳಿ ಕೂತುಬಿಡುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅಷ್ಟರಲ್ಲಿ ಟಿಕೇಶ್ವರ್ ತಲೆ ಎತ್ತಿ ಅವನನ್ನೇ ನೋಡಿದ. ಅಪ್ಪನ ಬಗ್ಗೆ ಇವನಾದರೂ ಒಂದು ಒಳ್ಳೆಯ ಮಾತಾಡಿಯಾನು ಎಂದು ಕಾಯುವ ಮುಖ ಅದು.

“ಅವನು ನಾಲ್ಕೂ ಕಟ್ಟಿದ್ದ,” ಎಂದ ಖೇಲಾವನ್. “ಗೇಟು ದಾಟೋಕೆ ಅಂತ ಎರಡು ನಾನು ಈಸ್ಕೊಂಡೆ. ಘಾಟಿ ಮೇಲೆ ಕೊಡ್ತೀನಿ ಅಂದಿದ್ದೆ, ನಂಬಿ ಎರಡರಲ್ಲೇ ಹಿಂದೆ ಬಂದ. ನಾನು ನಿಲ್ಲದೆ ಓಡಿಬಂದೆ. ಫೋನ್ ಮಾಡಿದ, ಎತ್ತಲಿಲ್ಲ. ಈಗ್ಲೂ ನನ್ನ ಲಾರೀಲೇ ಇವೆ.”

ಯಾರೂ ಬೈಯಲಿಲ್ಲ. ಯಾರಾದರೂ ಎದ್ದು ಕೆನ್ನೆಗೆ ಬಾರಿಸಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಝಾಡೂರಾಮ್ ತನ್ನ ಕಾಲ ಹೆಬ್ಬೆರಳು ನೋಡಿಕೊಂಡ. ಗೇಟಿನ ಆಟ ಆಡದವರು ಆ ಚಪ್ಪರದಲ್ಲಿ ಯಾರಿದ್ದರು? ಗುಮಾಸ್ತನಿಗೂ ಗೊತ್ತಿದ್ದದ್ದೇ. ಅವನು ಗಂಟಲು ಸರಿಮಾಡಿಕೊಂಡು “ಎರಡು ನಿಮಿಷ ಮೌನ” ಎಂದ, ಅರ್ಧ ನಿಮಿಷಕ್ಕೇ ಮುಗಿಸಿದ.

*

ಕೆರೆಯಲ್ಲಿ ಮುಳುಗಿ ಎದ್ದ ಟಿಕೇಶ್ವರ್ ಒದ್ದೆ ಪಂಚೆಯಲ್ಲೇ ರಸ್ತೆಬದಿಗೆ ನಿಂತಿದ್ದ ಖೇಲಾವನನ ಲಾರಿಯ ಹತ್ತಿರ ಹೋದ.

“ಪೆಟ್ಟಿಗೆ ಬೀಗ ತೆಗೀರಿ.”

ಫೂಲ್‌ದದಾ ಅನ್ನಲಿಲ್ಲ. ಖೇಲಾವನ್ ಬೀಗ ತೆಗೆದು ಸರಪಣಿಗೆ ಕೈಹಾಕಿದ.

“ಮುಟ್ಟಬೇಡಿ.”

ಎರಡನ್ನೂ ತಾನೇ ಎಳೆದು ಹೆಗಲಿಗೆ ಹಾಕಿಕೊಂಡ, ಆ ಕಡೆಗೊಂದು, ಈ ಕಡೆಗೊಂದು. ಒಂದೊಂದೂ ಹನ್ನೆರಡು ಕಿಲೋ ಇದ್ದೀತು. ಬರಿಮೈಗೆ ತುಕ್ಕು ಮೆತ್ತಿತು.

“ಗಾಡೀಲಿ ಹಾಕಪ್ಪ, ಭಾರ,” ಎಂದ ಝಾಡೂರಾಮ್.

ಟಿಕೇಶ್ವರ್ ಬರಿಗಾಲಲ್ಲಿ ನಡೆದೇಬಿಟ್ಟ. ಸರಪಣಿಯ ತುದಿ ಡಾಂಬರಿನ ಮೇಲೆ ಸದ್ದು ಮಾಡುತ್ತಾ ಹಿಂದೆ ಬಂತು. ಓಣಿ ಸೇರಿದಾಗ ಆ ಸದ್ದಿಗೆ ಜನ ಬಾಗಿಲಿಗೆ ಬಂದರು.

“ಏನೋ ಇದು ಟಿಕೇಶ್?”

ಅವನು ನಿಂತ, ತಲೆ ಎತ್ತಿ ಹೇಳಿದ: “ನಮ್ಮಪ್ಪನವು. ಒಟ್ಟು ನಾಲ್ಕು.”

ಮುಂದಿನ ಬಾಗಿಲಲ್ಲೂ ನಿಂತ, ಅದರ ಮುಂದಿನದರಲ್ಲೂ ನಿಂತ. ಕೇಳದವರಿಗೂ ಹೇಳಿದ. ಅವನು ನಿಂತಲ್ಲೆಲ್ಲ ಖೇಲಾವನ್ನೂ ನಿಂತ, ಹತ್ತು ಹೆಜ್ಜೆ ಹಿಂದೆ, ಬರಿಗೈಯಲ್ಲಿ.